ಯುರೇಕಸ್ ಗೆಡ್ಡೆಗಳು: ರೋಗ ಪತ್ತೆ, ಶಸ್ತ್ರಚಿಕಿತ್ಸೆ ಹಾಗೂ ಸರ್ಕಾರಿ ಸೌಲಭ್ಯ – ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹೊಕ್ಕುಳಿಗೂ ಮೂತ್ರಕೋಶದ ಮೇಲ್ತುದಿಗೂ ನಡುವೆ, ಹೊಟ್ಟೆಯ ಮುಂಭಿತ್ತಿಯ ಒಳಮೈಗೆ ಹೊಂದಿಕೊಂಡಂತೆ, ಹುರಿಯಂತಹ ಒಂದು ತಂತು ಪ್ರತಿಯೊಬ್ಬರಲ್ಲಿಯೂ ಇರುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಯುರೇಕಸ್ ಎಂದು ಹೆಸರು. ಈ ತಂತುವಿನಲ್ಲಿ ಬಹಳ ಅಪರೂಪವಾಗಿ ಗೆಡ್ಡೆಗಳು ಬೆಳೆಯುತ್ತವೆ. ಮೂತ್ರಕೋಶದ ಕ್ಯಾನ್ಸರ್ ಪ್ರಕರಣಗಳಲ್ಲಿ ಯುರೇಕಸ್ ಕ್ಯಾನ್ಸರಿನ ಪಾಲು ಶೇಕಡ 1ಕ್ಕಿಂತಲೂ ಕಡಿಮೆ.

ರೋಗವು ಅಪರೂಪದ್ದಾದರೂ ಎರಡು ಕಾರಣಗಳಿಂದ ಸಾರ್ವಜನಿಕರು ಇದರ ಬಗ್ಗೆ ತಿಳಿದಿರುವುದು ಅವಶ್ಯಕ. ಮೊದಲನೆಯದಾಗಿ, ಗೆಡ್ಡೆಯು ಹೊಟ್ಟೆಯ ಭಿತ್ತಿ ಮತ್ತು ಉದರಪೊರೆಯ ನಡುವಿನ ತೆರವಿನಲ್ಲಿ ಬೆಳೆಯುವುದರಿಂದ ಬಹುಕಾಲ ಯಾವುದೇ ತೊಂದರೆ ಕೊಡುವುದಿಲ್ಲ. ಲಕ್ಷಣ ಕಾಣಿಸುವ ವೇಳೆಗೆ ಸಾಮಾನ್ಯವಾಗಿ ಮೂತ್ರಕೋಶವನ್ನು ಮುಟ್ಟಿರುತ್ತದೆ. ಎರಡನೆಯದಾಗಿ, ರೋಗಿಯ ಮುಂದಿನ ಬದುಕು ಬಹುಮಟ್ಟಿಗೆ ಮೊದಲ ಶಸ್ತ್ರಚಿಕಿತ್ಸೆಯು ಸಮರ್ಪಕವಾಗಿ ನಡೆಯಿತೇ ಎಂಬುದನ್ನು ಅವಲಂಬಿಸಿರುತ್ತದೆ. ಆದ್ದರಿಂದ ಗೆಡ್ಡೆಯ ಸ್ವರೂಪ ಖಚಿತವಾಗುವ ಮೊದಲೇ ಅವಸರದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗದೆ, ಪೂರ್ಣ ತಪಾಸಣೆಯ ನಂತರ ತಜ್ಞ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವುದು ಉಚಿತ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ನಾಗರಿಕರಿಗೆ ಈ ಕ್ರಮವನ್ನು ವಿವರಿಸುವುದೇ ಈ ಮಾಹಿತಿಯ ಉದ್ದೇಶ.

2. ಯುರೇಕಸ್ ಎಂದರೇನು?

ಶಿಶುವು ತಾಯಿಯ ಗರ್ಭದಲ್ಲಿರುವಾಗ ಅದರ ಮೂತ್ರಕೋಶ ಮತ್ತು ಹೊಕ್ಕುಳಬಳ್ಳಿಯ ನಡುವೆ ಒಂದು ಕೊಳವೆ ಇರುತ್ತದೆ. ಶಿಶು ಬೆಳೆದಂತೆ, ಜನನಕ್ಕೆ ಬಹಳ ಮೊದಲೇ ಈ ಕೊಳವೆ ಮುಚ್ಚಿಕೊಂಡು ನಾರಿನ ತಂತುವಾಗಿ ಉಳಿಯುತ್ತದೆ. ಸುಮಾರು ಮೂರನೇ ಒಂದು ಭಾಗದಷ್ಟು ವಯಸ್ಕರಲ್ಲಿ ಈ ತಂತುವಿನೊಳಗೆ ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಟೊಳ್ಳು ಉಳಿದಿರುತ್ತದೆ. ಅದರ ಒಳಪದರದ ಜೀವಕೋಶಗಳಿಂದ ಗೆಡ್ಡೆ ಹುಟ್ಟುವ ಸಂಭವವಿದೆ. ಹೀಗೆ ಟೊಳ್ಳು ಉಳಿದಿರುವ ಬಹುಪಾಲು ಜನರಿಗೆ ಜೀವನಪರ್ಯಂತ ಯಾವ ತೊಂದರೆಯೂ ಆಗುವುದಿಲ್ಲವಾದ್ದರಿಂದ ಆತಂಕಪಡಬೇಕಾಗಿಲ್ಲ.

3. ಯುರೇಕಸ್‌ಗೆ ಸಂಬಂಧಿಸಿದ ತೊಂದರೆಗಳ ವಿಧಗಳು

ಅ) ಹುಟ್ಟಿನಿಂದ ಬಂದ ದೋಷಗಳು: ಕೊಳವೆಯು ಪೂರ್ಣವಾಗಿ ಮುಚ್ಚದಿದ್ದಲ್ಲಿ ನವಜಾತ ಶಿಶುವಿನ ಹೊಕ್ಕುಳಿನಿಂದ ಮೂತ್ರ ಒಸರುತ್ತದೆ. ಹೊಕ್ಕುಳಬಳ್ಳಿ ಬಿದ್ದುಹೋದ ನಂತರವೂ ಹೊಕ್ಕುಳು ಒಣಗದೆ ಸದಾ ತೇವವಾಗಿದ್ದಲ್ಲಿ ಮಗುವನ್ನು ಮಕ್ಕಳ ತಜ್ಞರಿಗೆ ತೋರಿಸಬೇಕು. ಅರಿಶಿನ, ಎಣ್ಣೆ, ಬೂದಿ ಮುಂತಾದವನ್ನು ಹಚ್ಚಬಾರದು.

ಆ) ನೀರ್ಗುಳ್ಳೆ ಅಥವಾ ಸಿಸ್ಟ್: ತಂತುವಿನ ನಡುವಿನ ಭಾಗದಲ್ಲಿ ದ್ರವ ತುಂಬಿಕೊಳ್ಳುತ್ತದೆ. ಸೋಂಕು ತಗುಲಿದಾಗ ಜ್ವರ, ಹೊಕ್ಕುಳಿನ ಕೆಳಗೆ ನೋವು, ಕೆಲವೊಮ್ಮೆ ಹೊಕ್ಕುಳಿನಿಂದ ಕೀವು ಬರುವುದುಂಟು. ಸಾಮಾನ್ಯವಾಗಿ ಮೊದಲು ಔಷಧಿಗಳಿಂದ ಸೋಂಕನ್ನು ಶಮನಗೊಳಿಸಿ, ಅಗತ್ಯವಿದ್ದಲ್ಲಿ ಕೀವನ್ನು ಹೊರತೆಗೆದು, ತದನಂತರ ಶಸ್ತ್ರಚಿಕಿತ್ಸೆಯ ಬಗ್ಗೆ ತೀರ್ಮಾನಿಸಲಾಗುತ್ತದೆ.

ಇ) ಸೌಮ್ಯ ಗೆಡ್ಡೆಗಳು: ಇವು ಕ್ಯಾನ್ಸರ್ ಅಲ್ಲ. ಆದರೆ ಹೊರನೋಟದಿಂದ ಅಥವಾ ಸ್ಕ್ಯಾನಿಂಗ್‌ನಿಂದ ಮಾತ್ರ ಇವನ್ನು ಕ್ಯಾನ್ಸರಿನಿಂದ ಖಚಿತವಾಗಿ ಬೇರ್ಪಡಿಸಲಾಗದ ಕಾರಣ ಸಾಮಾನ್ಯವಾಗಿ ಇವನ್ನೂ ತೆಗೆದು ಪರೀಕ್ಷೆಗೆ ಕಳುಹಿಸಲಾಗುತ್ತದೆ.

ಈ) ಕ್ಯಾನ್ಸರ್ ಗೆಡ್ಡೆಗಳು: ಇವುಗಳಲ್ಲಿ ಬಹುಪಾಲು ಲೋಳೆಯನ್ನು ಸ್ರವಿಸುವ ಅಡಿನೋಕಾರ್ಸಿನೋಮಾ ಎಂಬ ಜಾತಿಗೆ ಸೇರಿದವು. 50 ರಿಂದ 60 ವರ್ಷದ ಆಸುಪಾಸಿನಲ್ಲಿ, ಸ್ತ್ರೀಯರಿಗಿಂತ ಪುರುಷರಲ್ಲಿ ತುಸು ಹೆಚ್ಚಾಗಿ ಕಂಡುಬರುತ್ತವೆ. ಕಿರಿಯ ವಯಸ್ಸಿನವರಲ್ಲಿಯೂ ಬರುವ ಸಂಭವವಿದೆ.

4. ರೋಗಲಕ್ಷಣಗಳು

ಕೆಳಕಂಡ ಲಕ್ಷಣಗಳಲ್ಲಿ ಯಾವುದಾದರೂ ಒಂದು ಕಂಡುಬಂದಲ್ಲಿ ವೈದ್ಯರನ್ನು ಕಾಣತಕ್ಕದ್ದು.

1) ಮೂತ್ರದಲ್ಲಿ ರಕ್ತ. ಇದು ಅತ್ಯಂತ ಸಾಮಾನ್ಯ ಲಕ್ಷಣ. ಬಹಳಷ್ಟು ಸಂದರ್ಭಗಳಲ್ಲಿ ನೋವು ಇರುವುದಿಲ್ಲ.
2) ಮೂತ್ರದೊಡನೆ ಅಂಟಾದ, ಗಂಜಿಯಂತಹ ಲೋಳೆ ಹೋಗುವುದು. ಇದು ಎಲ್ಲರಲ್ಲಿಯೂ ಕಾಣದಿದ್ದರೂ, ಕಂಡಾಗ ಯುರೇಕಸ್ ಗೆಡ್ಡೆಯತ್ತ ಬೆರಳು ತೋರುವ ಪ್ರಮುಖ ಸುಳಿವು.
3) ಹೊಕ್ಕುಳಿನ ಕೆಳಗೆ, ಹೊಟ್ಟೆಯ ನಡುರೇಖೆಯಲ್ಲಿ ಗಂಟು ಅಥವಾ ನೋವು.
4) ವಯಸ್ಕರಲ್ಲಿ ಹೊಕ್ಕುಳಿನಿಂದ ರಕ್ತ, ಲೋಳೆ ಅಥವಾ ಕೀವು ಒಸರುವುದು.
5) ಉರಿಮೂತ್ರ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಹಾಗೂ ಔಷಧಿ ಪಡೆದರೂ ಮರುಕಳಿಸುವ ಮೂತ್ರದ ಸೋಂಕು.

5. ಸಾಮಾನ್ಯ ತಪ್ಪು ತಿಳುವಳಿಕೆಗಳು

ಈ ನಾಲ್ಕು ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆಗೆ ಸೇರಿವೆ. ಬಿಸಿಲಿನಲ್ಲಿ ದುಡಿಯುವವರಿಗೆ ಉರಿಮೂತ್ರ ಮತ್ತು ಮೂತ್ರದ ಕಲ್ಲು ಪರಿಚಿತ ತೊಂದರೆಗಳು. ಆದ್ದರಿಂದ ಮೂತ್ರ ಕೆಂಪಾದಾಗ "ಉಷ್ಣವಾಗಿದೆ" ಅಥವಾ "ಕಲ್ಲಿರಬೇಕು" ಎಂದು ಭಾವಿಸಿ ಎಳನೀರು, ಬಾರ್ಲಿ ನೀರು, ಬಾಳೆದಿಂಡಿನ ರಸ ಸೇವಿಸಿ ಸುಮ್ಮನಾಗುವುದುಂಟು. ನೀರು ಹೆಚ್ಚಾಗಿ ಕುಡಿಯುವುದು ಒಳ್ಳೆಯದೇ. ಆದರೆ ಗೆಡ್ಡೆಯಿಂದ ಬರುವ ರಕ್ತವೂ ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ವಾರಗಳು ಅಥವಾ ತಿಂಗಳುಗಳ ನಂತರ ಪುನಃ ಕಾಣಿಸಿಕೊಳ್ಳುತ್ತದೆ. ರಕ್ತ ನಿಂತಿತೆಂದರೆ ರೋಗ ಗುಣವಾಯಿತೆಂದು ಅರ್ಥವಲ್ಲ. ನೋವಿಲ್ಲದೆ ರಕ್ತ ಹೋಗುವುದು ನೋವಿನೊಡನೆ ಹೋಗುವುದಕ್ಕಿಂತ ಹೆಚ್ಚು ಗಂಭೀರವಾಗಿ ಪರಿಗಣಿಸಬೇಕಾದ ಸಂಗತಿ.

ಮಹಿಳೆಯರಲ್ಲಿ ಮೂತ್ರದ ರಕ್ತವನ್ನು ಮುಟ್ಟಿನ ರಕ್ತವೆಂದು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ. ಮುಟ್ಟು ನಿಂತ ಮಹಿಳೆಯರು ಬಟ್ಟೆಯಲ್ಲಿ ರಕ್ತದ ಕಲೆ ಕಂಡಲ್ಲಿ ಸಂಕೋಚಪಡದೆ ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯಾಧಿಕಾರಿಗಳಿಗೆ ತಿಳಿಸಬೇಕು.

ಪಾವಗಡ ಮತ್ತು ಸುತ್ತಲಿನ ಪ್ರದೇಶದ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದು ತಿಳಿದ ವಿಷಯ. ಫ್ಲೋರೈಡ್ ಅಂಶದಿಂದ ಹಲ್ಲು ಮತ್ತು ಮೂಳೆಗಳಿಗೆ ಹಾನಿಯುಂಟಾಗುತ್ತದೆ. ಆದರೆ ಅದು ಯುರೇಕಸ್ ಗೆಡ್ಡೆಗೆ ಕಾರಣವೆಂದು ಸಿದ್ಧಪಟ್ಟಿಲ್ಲ. ಮೂತ್ರಕೋಶದ ಸಾಮಾನ್ಯ ಕ್ಯಾನ್ಸರಿಗೆ ಬೀಡಿ, ಸಿಗರೇಟು ಸೇವನೆ ಪ್ರಮುಖ ಕಾರಣ. ಯುರೇಕಸ್ ಕ್ಯಾನ್ಸರಿಗೆ ಮಾತ್ರ ಇಂತಹ ನಿಶ್ಚಿತ ಕಾರಣ ಇದುವರೆಗೆ ಕಂಡುಬಂದಿಲ್ಲ. ಇದು ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲ. ರೋಗಿಯೊಡನೆ ಊಟ, ವಾಸ, ಸ್ಪರ್ಶ ಯಾವುದರಿಂದಲೂ ಮನೆಯವರಿಗೆ ಅಪಾಯವಿಲ್ಲ.

6. ರೋಗವನ್ನು ಪತ್ತೆ ಹಚ್ಚುವ ಕ್ರಮ

ಮೊದಲ ಹಂತ – ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ: ಮೂತ್ರ ಮತ್ತು ರಕ್ತ ಪರೀಕ್ಷೆಯಿಂದ ತಪಾಸಣೆ ಆರಂಭವಾಗುತ್ತದೆ. ನಂತರ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಲಾಗುತ್ತದೆ. ಸ್ಕ್ಯಾನಿಂಗ್ ಸಮಯದಲ್ಲಿ ಮೂತ್ರಕೋಶ ತುಂಬಿರಬೇಕಾದ್ದರಿಂದ, ಮುಂಚಿತವಾಗಿ ನೀರು ಕುಡಿದು ಮೂತ್ರವನ್ನು ತಡೆದುಕೊಳ್ಳುವಂತೆ ಸೂಚಿಸಲಾಗುತ್ತದೆ. ಖಾಲಿ ಮೂತ್ರಕೋಶದ ಮೇಲ್ತುದಿಯಲ್ಲಿರುವ ಸಣ್ಣ ಗೆಡ್ಡೆ ಗಮನಕ್ಕೆ ಬಾರದೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಲಭ್ಯವಿಲ್ಲದ ದಿನಗಳಲ್ಲಿ ತುಮಕೂರು ಜಿಲ್ಲಾ ಆಸ್ಪತ್ರೆಗೆ ಚೀಟಿ ಪಡೆಯಬಹುದು.

ಎರಡನೇ ಹಂತ – ಸಿ.ಟಿ. ಸ್ಕ್ಯಾನ್: ಇದರಲ್ಲಿ ಗೆಡ್ಡೆಯ ಸ್ಥಾನ, ಗಾತ್ರ ಮತ್ತು ಹರಡುವಿಕೆ ತಿಳಿಯುತ್ತದೆ. ಹೊಕ್ಕುಳು ಮತ್ತು ಮೂತ್ರಕೋಶದ ನಡುವೆ ನಡುರೇಖೆಯಲ್ಲಿ ಲೋಳೆ ತುಂಬಿದ ಗೆಡ್ಡೆ, ಅದರಲ್ಲಿ ಸುಣ್ಣದ ಕಣಗಳು ಕಂಡುಬಂದಲ್ಲಿ ಯುರೇಕಸ್ ಕ್ಯಾನ್ಸರಿನ ಅನುಮಾನ ಬಲವಾಗುತ್ತದೆ. ಅರ್ಧಕ್ಕೂ ಹೆಚ್ಚು ಪ್ರಕರಣಗಳಲ್ಲಿ ಇಂತಹ ಸುಣ್ಣದ ಕಣಗಳು ಕಾಣುತ್ತವೆ. ಶ್ವಾಸಕೋಶ, ಯಕೃತ್ತು ಮತ್ತು ದುಗ್ಧರಸ ಗ್ರಂಥಿಗಳಿಗೆ ರೋಗ ಹರಡಿದೆಯೇ ಎಂಬುದನ್ನೂ ನೋಡಲಾಗುತ್ತದೆ. ಅಗತ್ಯವಿದ್ದಲ್ಲಿ ಎಂ.ಆರ್.ಐ. ಮಾಡಲಾಗುತ್ತದೆ.

ಮೂರನೇ ಹಂತ – ಸಿಸ್ಟೋಸ್ಕೋಪಿ ಮತ್ತು ಬಯಾಪ್ಸಿ: ಮೂತ್ರನಾಳದ ಮೂಲಕ ದೀಪವಿರುವ ತೆಳುವಾದ ನಳಿಕೆಯನ್ನು ಒಳಸೇರಿಸಿ ಮೂತ್ರಕೋಶದ ಒಳಭಾಗವನ್ನು ನೇರವಾಗಿ ನೋಡಲಾಗುತ್ತದೆ. ಗೆಡ್ಡೆಯ ಸಣ್ಣ ತುಣುಕನ್ನು ತೆಗೆದು ಪೆಥಾಲಜಿ ತಜ್ಞರ ಪರೀಕ್ಷೆಗೆ ಕಳುಹಿಸಲಾಗುತ್ತದೆ. ರೋಗ ಯಾವುದೆಂದು ಖಚಿತಪಡಿಸುವುದು ಈ ಪರೀಕ್ಷೆಯೇ. ಗೆಡ್ಡೆ ಇನ್ನೂ ಮೂತ್ರಕೋಶದ ಒಳಪದರವನ್ನು ತಲುಪಿರದಿದ್ದಲ್ಲಿ ಸಿಸ್ಟೋಸ್ಕೋಪಿಯಲ್ಲಿ ಏನೂ ಕಾಣದಿರಬಹುದು. ಆಗ ಸಿ.ಟಿ. ವರದಿಯನ್ನು ಕಡೆಗಣಿಸುವಂತಿಲ್ಲ.

ನಾಲ್ಕನೇ ಹಂತ – ಬೇರೆ ಅಂಗದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳುವುದು: ದೊಡ್ಡ ಕರುಳಿನ ಕ್ಯಾನ್ಸರ್ ಮೂತ್ರಕೋಶಕ್ಕೆ ಹರಡಿದಾಗ ಸೂಕ್ಷ್ಮದರ್ಶಕದಲ್ಲಿ ಅದೂ ಯುರೇಕಸ್ ಕ್ಯಾನ್ಸರಿನಂತೆಯೇ ಕಾಣುತ್ತದೆ. ಎರಡರ ಚಿಕಿತ್ಸೆ ಬೇರೆ ಬೇರೆ. ಆದಕಾರಣ ಕೊಲೊನೋಸ್ಕೋಪಿ ಮೂಲಕ ದೊಡ್ಡ ಕರುಳನ್ನು ಪರೀಕ್ಷಿಸಲಾಗುತ್ತದೆ. "ಮೂತ್ರದ ತೊಂದರೆಗೆ ಕರುಳಿನ ಪರೀಕ್ಷೆ ಏಕೆ?" ಎಂದು ರೋಗಿಗಳು ಇದನ್ನು ನಿರಾಕರಿಸಬಾರದು. ರಕ್ತದಲ್ಲಿ ಸಿ.ಇ.ಎ. ಮುಂತಾದ ಸೂಚಕಗಳ ಪ್ರಮಾಣವನ್ನೂ ನೋಡಲಾಗುತ್ತದೆ. ಇವು ರೋಗವನ್ನು ಖಚಿತಪಡಿಸುವುದಿಲ್ಲವಾದರೂ, ಚಿಕಿತ್ಸೆಯ ನಂತರ ರೋಗ ಮರುಕಳಿಸಿತೇ ಎಂದು ತಿಳಿಯಲು ಸಹಾಯಕವಾಗುತ್ತವೆ.

7. ರೋಗದ ಹಂತಗಳು

ಯುರೇಕಸ್ ಕ್ಯಾನ್ಸರಿನ ಹಂತಗಳನ್ನು ಗುರುತಿಸಲು 1984 ರಲ್ಲಿ ಪ್ರಕಟವಾದ ಶೆಲ್ಡನ್ ವರ್ಗೀಕರಣ ಹಾಗೂ 2006 ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ತಜ್ಞರು ರೂಪಿಸಿದ ಸರಳ ವರ್ಗೀಕರಣ ಬಳಕೆಯಲ್ಲಿವೆ. ಮೇಯೋ ವರ್ಗೀಕರಣದ ಪ್ರಕಾರ:

ಹಂತ 1 – ಗೆಡ್ಡೆಯು ಯುರೇಕಸ್ ಮತ್ತು ಮೂತ್ರಕೋಶದೊಳಗೆ ಸೀಮಿತವಾಗಿರುತ್ತದೆ.
ಹಂತ 2 – ಅವುಗಳ ಸ್ನಾಯುಪದರವನ್ನು ದಾಟಿ ಹೊರಬಂದಿರುತ್ತದೆ.
ಹಂತ 3 – ಸಮೀಪದ ದುಗ್ಧರಸ ಗ್ರಂಥಿಗಳಿಗೆ ಹರಡಿರುತ್ತದೆ.
ಹಂತ 4 – ದೂರದ ಅಂಗಗಳಿಗೆ ಹರಡಿರುತ್ತದೆ.

ಮೊದಲ ಎರಡು ಹಂತಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಅವಕಾಶ ಉತ್ತಮವಾಗಿರುತ್ತದೆ. ಎಲ್ಲಾ ಹಂತಗಳನ್ನು ಒಟ್ಟಾಗಿ ಪರಿಗಣಿಸಿದರೆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ 5 ವರ್ಷಗಳ ನಂತರವೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹರಡಿದ ನಂತರ ಪೂರ್ಣ ಗುಣವಾಗುವುದು ಕಷ್ಟ. ಲಕ್ಷಣ ಕಂಡ ಮೊದಲ ವಾರಗಳಲ್ಲಿಯೇ ಆಸ್ಪತ್ರೆಗೆ ಬರಬೇಕೆಂದು ಒತ್ತಾಯಿಸುವುದು ಇದೇ ಕಾರಣಕ್ಕೆ.

8. ಶಸ್ತ್ರಚಿಕಿತ್ಸೆ

ರೋಗ ಹರಡದಿದ್ದಲ್ಲಿ ಶಸ್ತ್ರಚಿಕಿತ್ಸೆಯೇ ಪ್ರಧಾನ ಚಿಕಿತ್ಸೆ. ಇದರಲ್ಲಿ ಹೊಕ್ಕುಳು, ಯುರೇಕಸ್ ತಂತು, ಅದಕ್ಕೆ ಅಂಟಿದ ಉದರಪೊರೆ ಹಾಗೂ ಹೊಟ್ಟೆಯ ಭಿತ್ತಿಯ ಒಳಪದರ, ಮತ್ತು ಮೂತ್ರಕೋಶದ ಮೇಲ್ತುದಿ – ಇಷ್ಟನ್ನೂ ಬಿಡಿಬಿಡಿಯಾಗಿ ಕತ್ತರಿಸದೆ ಒಂದೇ ಖಂಡವಾಗಿ ತೆಗೆಯಲಾಗುತ್ತದೆ. ಕಟಿಭಾಗದ ದುಗ್ಧರಸ ಗ್ರಂಥಿಗಳನ್ನೂ ಸಾಮಾನ್ಯವಾಗಿ ತೆಗೆದು ಪರೀಕ್ಷಿಸಲಾಗುತ್ತದೆ. ಗೆಡ್ಡೆ ಒಡೆದು ಅದರ ಲೋಳೆ ಉದರದೊಳಗೆ ಚೆಲ್ಲಿದಲ್ಲಿ ರೋಗ ಹರಡುವ ಅಪಾಯವಿರುವುದರಿಂದ ಹೀಗೆ ಅಖಂಡವಾಗಿ ತೆಗೆಯುವುದು ಮುಖ್ಯ. ತೆರೆದ ಶಸ್ತ್ರಚಿಕಿತ್ಸೆಯ ಮೂಲಕ ಅಥವಾ ಲ್ಯಾಪರೋಸ್ಕೋಪಿ, ರೋಬೋಟ್ ನೆರವಿನ ವಿಧಾನಗಳ ಮೂಲಕವೂ ಇದನ್ನು ನೆರವೇರಿಸಬಹುದು.

ಹೊಕ್ಕುಳನ್ನು ತೆಗೆಯುವುದಕ್ಕೆ ಅನೇಕರು ಹಿಂಜರಿಯುತ್ತಾರೆ. ತಂತುವಿನ ಮೇಲ್ತುದಿ ಹೊಕ್ಕುಳಿಗೆ ಸೇರಿಕೊಂಡಿರುತ್ತದೆ. ಅದನ್ನು ಉಳಿಸಿದಲ್ಲಿ ರೋಗವು ಅಲ್ಲಿಂದಲೇ ಮರುಕಳಿಸುವ ಸಂಭವವಿದೆ. ಹೊಕ್ಕುಳಿಲ್ಲದಿರುವುದರಿಂದ ಜೀರ್ಣಶಕ್ತಿಗಾಗಲಿ, ದುಡಿಮೆಯ ಸಾಮರ್ಥ್ಯಕ್ಕಾಗಲಿ ಕೊರತೆಯಾಗುವುದಿಲ್ಲ.

ಬಹುಪಾಲು ರೋಗಿಗಳಲ್ಲಿ ಪೂರ್ತಿ ಮೂತ್ರಕೋಶವನ್ನು ತೆಗೆಯುವ ಅಗತ್ಯವಿರುವುದಿಲ್ಲ. ಗೆಡ್ಡೆಯ ಸುತ್ತ ಆರೋಗ್ಯಕರ ಅಂಚು ದೊರೆಯುವುದಾದಲ್ಲಿ ಮೂತ್ರಕೋಶದ ಒಂದು ಭಾಗವನ್ನು ಮಾತ್ರ ತೆಗೆದರೂ ಫಲಿತಾಂಶ ಸಮಾನವಾಗಿರುತ್ತದೆ. ರೋಗಿಯು ಸಹಜ ಮಾರ್ಗದಿಂದಲೇ ಮೂತ್ರ ವಿಸರ್ಜಿಸಬಹುದು.

ನಳಿಕೆಯ ಮೂಲಕ ಮೂತ್ರಕೋಶದೊಳಗೆ ಕಾಣುವ ಭಾಗವನ್ನಷ್ಟೇ ಕೆರೆದು ತೆಗೆಯುವುದು ಯುರೇಕಸ್ ಕ್ಯಾನ್ಸರಿಗೆ ಪೂರ್ಣ ಚಿಕಿತ್ಸೆಯಾಗುವುದಿಲ್ಲ. ಗೆಡ್ಡೆಯ ಬಹುಭಾಗ ಮೂತ್ರಕೋಶದ ಹೊರಗೆ ಉಳಿದಿರುತ್ತದೆ. ಅಂತಹ ವಿಧಾನ ರೋಗ ಪತ್ತೆಗೆ ಮಾತ್ರ ಸೀಮಿತ. ಅದೇ ರೀತಿ, ಸಾಧಾರಣ ಹೊಕ್ಕುಳ ಗಂಟೆಂದು ಭಾವಿಸಿ ಸ್ಕ್ಯಾನಿಂಗ್ ಇಲ್ಲದೆ ಕತ್ತರಿಸಿದ್ದಲ್ಲಿ ನಂತರದ ಚಿಕಿತ್ಸೆ ಜಟಿಲವಾಗುತ್ತದೆ.

ರೋಗ ಹರಡಿದ್ದಲ್ಲಿ ಅಥವಾ ಮರುಕಳಿಸಿದಲ್ಲಿ ಔಷಧ ಚಿಕಿತ್ಸೆ, ಅಂದರೆ ಕೀಮೋಥೆರಪಿ ನೀಡಲಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ 5-ಫ್ಲೂರೋಯುರಾಸಿಲ್ ಮತ್ತು ಸಿಸ್‌ಪ್ಲಾಟಿನ್ ಆಧಾರಿತ ಔಷಧಿಗಳನ್ನು ಬಳಸಲಾಗುತ್ತದೆ. ವಿಕಿರಣ ಚಿಕಿತ್ಸೆಯ ಪಾತ್ರ ಸೀಮಿತವಾದುದು.

9. ಸಮ್ಮತಿ ಪತ್ರಕ್ಕೆ ಸಹಿ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ರೋಗಿ ಮತ್ತು ಕುಟುಂಬದವರಿಗೆ ತಿಳಿಯುವ ಭಾಷೆಯಲ್ಲಿ ವಿವರಣೆ ಪಡೆಯುವ ಹಕ್ಕಿದೆ. ಕೆಳಕಂಡ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು.

1) ಬಯಾಪ್ಸಿ ವರದಿ ಬಂದಿದೆಯೇ? ಗೆಡ್ಡೆ ಯಾವ ಜಾತಿಯದು?
2) ದೊಡ್ಡ ಕರುಳಿನ ಪರೀಕ್ಷೆ ಆಗಿದೆಯೇ?
3) ರೋಗ ಯಾವ ಹಂತದಲ್ಲಿದೆ?
4) ಯುರೇಕಸ್ ಮತ್ತು ಹೊಕ್ಕುಳನ್ನು ಗೆಡ್ಡೆಯೊಡನೆ ತೆಗೆಯಲಾಗುವುದೇ? ಇಲ್ಲವಾದಲ್ಲಿ ಕಾರಣವೇನು?
5) ಮೂತ್ರಕೋಶದ ಎಷ್ಟು ಭಾಗ ಉಳಿಯುತ್ತದೆ?
6) ಮುಂದೆ ಔಷಧ ಚಿಕಿತ್ಸೆ ಬೇಕಾಗಬಹುದೇ?

10. ಶಸ್ತ್ರಚಿಕಿತ್ಸೆಯ ನಂತರ

ಮೂತ್ರಕೋಶದ ಹೊಲಿಗೆ ಮಾಯುವವರೆಗೆ, ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಮೂತ್ರದ ಕೊಳವೆಯನ್ನು ಇರಿಸಲಾಗುತ್ತದೆ. ಕೊಳವೆಯೊಡನೆ ಊರಿಗೆ ಹಿಂತಿರುಗಿದವರು ಚೀಲವನ್ನು ಸೊಂಟದ ಮಟ್ಟಕ್ಕಿಂತ ಕೆಳಗೆ ಇರಿಸಬೇಕು, ಕೊಳವೆಯನ್ನು ಎಳೆಯಬಾರದು. ಮೂತ್ರ ಬರುವುದು ನಿಂತಲ್ಲಿ, ಜ್ವರ ಅಥವಾ ಹೊಟ್ಟೆ ಉಬ್ಬರ ಬಂದಲ್ಲಿ ಕೂಡಲೇ ಸಮೀಪದ ಆಸ್ಪತ್ರೆಗೆ ಹೋಗಬೇಕು. ಕೊಳವೆ ತೆಗೆದ ನಂತರ ಕೆಲವು ತಿಂಗಳು ಪದೇ ಪದೇ ಮೂತ್ರಕ್ಕೆ ಹೋಗಬೇಕಾಗಬಹುದು. ಕ್ರಮೇಣ ಇದು ಕಡಿಮೆಯಾಗುತ್ತದೆ. ಭಾರ ಎತ್ತುವುದು, ನೇಗಿಲು ಹಿಡಿಯುವುದು, ಕೊಡ ಹೊರುವುದು ಮುಂತಾದ ಕೆಲಸಗಳನ್ನು ವೈದ್ಯರು ಅನುಮತಿಸುವವರೆಗೆ ಮಾಡತಕ್ಕದ್ದಲ್ಲ.

ರೋಗ ಮರುಕಳಿಸುವುದಾದಲ್ಲಿ ಬಹುಪಾಲು ಮೊದಲ ಕೆಲವು ವರ್ಷಗಳಲ್ಲಿಯೇ ಮರುಕಳಿಸುತ್ತದೆ. ಆದ್ದರಿಂದ ಆರಂಭದಲ್ಲಿ ಕೆಲವು ತಿಂಗಳಿಗೊಮ್ಮೆ, ತದನಂತರ ವರ್ಷಕ್ಕೊಮ್ಮೆ ಸಿ.ಟಿ. ಸ್ಕ್ಯಾನ್, ಸಿಸ್ಟೋಸ್ಕೋಪಿ ಮತ್ತು ರಕ್ತ ಪರೀಕ್ಷೆಗೆ ಹಾಜರಾಗಬೇಕು. ಆರೋಗ್ಯವಾಗಿದ್ದೇವೆಂದು ತಪಾಸಣೆಯನ್ನು ತಪ್ಪಿಸುವುದು ಸರಿಯಲ್ಲ.

11. ಎಲ್ಲಿಗೆ ಹೋಗಬೇಕು?

ಮೊದಲ ತಪಾಸಣೆಗೆ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡದ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳನ್ನು ಸಂಪರ್ಕಿಸಬಹುದು. ಹೆಚ್ಚಿನ ತಪಾಸಣೆಗೆ ತುಮಕೂರು ಜಿಲ್ಲಾ ಆಸ್ಪತ್ರೆಗೆ ಹಾಗೂ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ತಜ್ಞ ಸಂಸ್ಥೆಗಳಿಗೆ ಕಳುಹಿಸಲಾಗುತ್ತದೆ. ಬೆಂಗಳೂರಿನಲ್ಲಿ ಸರ್ಕಾರಿ ವಲಯದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973 ರಿಂದ ಕ್ಯಾನ್ಸರ್ ಚಿಕಿತ್ಸೆ ನೀಡುತ್ತಿದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆಯು ಮೂತ್ರಾಂಗಗಳ ಚಿಕಿತ್ಸೆಗೆ ಮೀಸಲಾದ ಸರ್ಕಾರಿ ಸಂಸ್ಥೆ.

ಪಾವಗಡ ತಾಲ್ಲೂಕು ಬಹುತೇಕ ಆಂಧ್ರಪ್ರದೇಶದಿಂದ ಸುತ್ತುವರಿದಿರುವುದರಿಂದ ಅಲ್ಲಿನ ನಾಗರಿಕರು ಗಡಿಯಾಚೆಯ ಊರುಗಳಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದು ವಾಡಿಕೆ. ಅಂತಹವರು ವರದಿಗಳ ಜೊತೆಗೆ ಸ್ಕ್ಯಾನಿಂಗ್ ಫಿಲ್ಮ್, ಸಿ.ಡಿ. ಮತ್ತು ಬಯಾಪ್ಸಿಯ ಗಾಜಿನ ಸ್ಲೈಡ್ ಹಾಗೂ ಮೇಣದ ಬ್ಲಾಕ್‌ಗಳನ್ನು ಕೇಳಿ ಪಡೆದು ತರಬೇಕು. ಇವು ಇದ್ದಲ್ಲಿ ಬೆಂಗಳೂರಿನ ತಜ್ಞರು ಅದೇ ಮಾದರಿಯನ್ನು ಮರುಪರಿಶೀಲಿಸಬಹುದು; ರೋಗಿ ಪುನಃ ಬಯಾಪ್ಸಿಗೆ ಒಳಗಾಗುವುದು ಅನೇಕ ವೇಳೆ ತಪ್ಪುತ್ತದೆ.

12. ಆರ್ಥಿಕ ನೆರವು

ರಾಜ್ಯದಲ್ಲಿ ಆರೋಗ್ಯ ಕರ್ನಾಟಕ ಯೋಜನೆಯು 2018ರ ಮಾರ್ಚ್ ತಿಂಗಳಲ್ಲಿ ಜಾರಿಗೆ ಬಂದು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಡನೆ ವಿಲೀನಗೊಂಡಿತು. ಈಗ ಇದು ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ – ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ ಯೋಜನೆ ಎಂಬ ಹೆಸರಿನಲ್ಲಿದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ಅನುಷ್ಠಾನಗೊಳಿಸುತ್ತಿದೆ.

ಅ) ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿದ ಕುಟುಂಬಗಳಿಗೆ ವರ್ಷಕ್ಕೆ ಗರಿಷ್ಠ ರೂ. 5 ಲಕ್ಷದವರೆಗೆ ನಿಗದಿತ ಚಿಕಿತ್ಸೆ ಉಚಿತ.
ಆ) ಇತರೆ ಕುಟುಂಬಗಳಿಗೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇಕಡ 30 ರಷ್ಟನ್ನು, ವರ್ಷಕ್ಕೆ ಗರಿಷ್ಠ ರೂ. 1.5 ಲಕ್ಷದವರೆಗೆ ಸರ್ಕಾರ ಭರಿಸುತ್ತದೆ. ಉಳಿದ ಮೊತ್ತ ರೋಗಿಯದು.
ಇ) ಅಗತ್ಯ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದಿದ್ದಲ್ಲಿ, ಅಲ್ಲಿಂದ ರೆಫರಲ್ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ತುರ್ತು ಸಂದರ್ಭಗಳಲ್ಲಿ ರೆಫರಲ್ ಅಗತ್ಯವಿಲ್ಲ.

ಯುರೇಕಸ್ ಗೆಡ್ಡೆಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮುಂಚಿತವಾಗಿ ಯೋಜಿಸಬಹುದಾದುದು. ಆದ್ದರಿಂದ ರೆಫರಲ್ ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ ಹಣ ಪಾವತಿಸಿ, ನಂತರ ಸೌಲಭ್ಯ ಕೋರುವುದಕ್ಕಿಂತ ಮೊದಲೇ ಪತ್ರ ಪಡೆಯುವುದು ಸೂಕ್ತ. ದಾಖಲಾಗುವ ಮುನ್ನ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಂಡು, ನಿರ್ದಿಷ್ಟ ಶಸ್ತ್ರಚಿಕಿತ್ಸೆಗೆ ಪೂರ್ವಾನುಮತಿ ದೊರೆತಿದೆಯೇ ಎಂದು ವಿಚಾರಿಸಿಕೊಳ್ಳಬೇಕು.

13. ಜೊತೆಯಲ್ಲಿ ತರಬೇಕಾದ ದಾಖಲೆಗಳು

1) ರೋಗಿಯ ಆಧಾರ್ ಕಾರ್ಡ್.
2) ಪಡಿತರ ಚೀಟಿ. ಇದು ಇಲ್ಲದವರು ಆಧಾರ್ ಆಧಾರದ ಮೇಲೆ ಸಾಮಾನ್ಯ ವರ್ಗದಡಿ ಸೌಲಭ್ಯ ಪಡೆಯಬಹುದು.
3) ಯೋಜನೆಯ ಆರೋಗ್ಯ ಕಾರ್ಡ್, ಈಗಾಗಲೇ ಪಡೆದಿದ್ದಲ್ಲಿ.
4) ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ.
5) ಎಲ್ಲಾ ಪರೀಕ್ಷಾ ವರದಿಗಳು, ಸ್ಕ್ಯಾನಿಂಗ್ ಫಿಲ್ಮ್, ಬಯಾಪ್ಸಿ ಸ್ಲೈಡ್ ಮತ್ತು ಬ್ಲಾಕ್.
6) ಹಿಂದೆ ಶಸ್ತ್ರಚಿಕಿತ್ಸೆ ಆಗಿದ್ದಲ್ಲಿ ಅದರ ಬಿಡುಗಡೆ ಪತ್ರ.

ಪಡಿತರ ಚೀಟಿಯಲ್ಲಿ ಹಾಗೂ ಆಧಾರ್‌ನಲ್ಲಿ ಹೆಸರು ವ್ಯತ್ಯಾಸವಿದ್ದಲ್ಲಿ ಮುಂಚಿತವಾಗಿ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಆದರೆ ತಿದ್ದುಪಡಿಗಾಗಿ ಕಾಯುತ್ತಾ ತಪಾಸಣೆಯನ್ನು ಮುಂದೂಡಬಾರದು. ತಿದ್ದುಪಡಿಯ ಕೆಲಸವನ್ನೂ ತಪಾಸಣೆಯನ್ನೂ ಒಟ್ಟಿಗೆ ನಡೆಸಿಕೊಳ್ಳಬಹುದು.

14. ಸಾರ್ವಜನಿಕರ ಗಮನಕ್ಕೆ

ಮೂತ್ರದಲ್ಲಿ ರಕ್ತ ಕಂಡ ಎಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಬಹುಪಾಲು ಜನರಲ್ಲಿ ಕಲ್ಲು ಅಥವಾ ಸೋಂಕಿನಂತಹ, ಗುಣವಾಗುವ ಕಾರಣಗಳೇ ಕಂಡುಬರುತ್ತವೆ. ಕಾರಣ ಯಾವುದೆಂದು ಪರೀಕ್ಷೆಯಿಂದಲೇ ತಿಳಿಯಬೇಕು. ಒಮ್ಮೆ ಮಾತ್ರ ರಕ್ತ ಕಂಡು ನಿಂತಿದ್ದರೂ ಮೂತ್ರ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿಸಿಕೊಳ್ಳತಕ್ಕದ್ದು. ಗೆಡ್ಡೆ ಇದೆಯೆಂದು ತಿಳಿದಲ್ಲಿ, ಅದರ ಸ್ವರೂಪ ಖಚಿತವಾದ ನಂತರವೇ ಶಸ್ತ್ರಚಿಕಿತ್ಸೆಗೆ ಸಮ್ಮತಿಸತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು, ಸಂಬಂಧಪಟ್ಟ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಅಥವಾ ಆರೋಗ್ಯ ಸಹಾಯವಾಣಿ 104 ಅನ್ನು ಸಂಪರ್ಕಿಸಬಹುದು. ಮೂತ್ರ ಸಂಪೂರ್ಣವಾಗಿ ಕಟ್ಟಿದಲ್ಲಿ ಅಥವಾ ಹೆಪ್ಪುಗಟ್ಟಿದ ರಕ್ತ ಹೆಚ್ಚಾಗಿ ಹೋಗುತ್ತಿದ್ದಲ್ಲಿ 108 ಕ್ಕೆ ಕರೆ ಮಾಡಿ ಆಂಬುಲೆನ್ಸ್ ಪಡೆಯತಕ್ಕದ್ದು.